ಜೀನ್ ಒಳಗೆ ಹೋಗಿದೆ, ಆದರೆ ಸೈಟಿನಲ್ಲಿ ಕೂತಿದೆಯಾ? ಎಎವಿಎಸ್1 ನಾಕ್-ಇನ್ ಕೈಕೊಟ್ಟಾಗ ಎಲ್ಲಿ ಹುಡುಕಬೇಕು

ಟ್ರಾನ್ಸ್‌ಫೆಕ್ಷನ್ ಅಂದರೆ ಕೋಶದೊಳಗೆ ಡಿಎನ್‌ಎ ಬಿಡುವ ಕೆಲಸ. ನಾಕ್-ಇನ್ ಅಂದರೆ ಹಾಗೆ ಬಿಟ್ಟ ಜೀನನ್ನು ಕ್ರೋಮೋಸೋಮಿನ ಒಂದು ಗೊತ್ತಾದ ಜಾಗದಲ್ಲಿ, ಇಲ್ಲಿ ಎಎವಿಎಸ್1ನಲ್ಲಿ, ಕೂರಿಸುವುದು. ಡಿಎನ್‌ಎ ಬಿಟ್ಟ ಎರಡನೇ ದಿನ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಪ್ಲೇಟ್ ಪೂರ್ತಿ ಹಸಿರು. ಹದಿನಾಲ್ಕನೇ ದಿನ ಅದೇ ಕೋಶಗಳನ್ನು ನೋಡಿದರೆ ಕತ್ತಲೆ. ನನಗೆ ಇದು ಮೂರು ಸಲ ಆಯಿತು. ಮೂರು ಸಲವೂ ಮಾಡಿದ ತಪ್ಪು ಒಂದೇ. ಎಲ್ಲಿ ಕೆಟ್ಟಿದೆ ಅಂತ ನೋಡಲಿಲ್ಲ, ಇಡೀ ಪ್ರಯೋಗವನ್ನು ಮೊದಲಿಂದ ಮತ್ತೆ ಮಾಡಿದೆ. ಎರಡು ತಿಂಗಳು ಹಾಗೇ ಹೋಯಿತು. ಉತ್ತರ ಬೆಂಗಳೂರಿನ ಒಂದು ಚಿಕ್ಕ ಲ್ಯಾಬ್ ನಮ್ಮದು. ಒಂದು ಬಾಟಲಿ ಸೀರಂ ಮುಗಿದರೆ ಮುಂದಿನದಕ್ಕೆ ವಾರಗಟ್ಟಲೆ ಕಾಯಬೇಕು, ಡ್ರೈ ಐಸ್‌ನಲ್ಲಿ ಬರಬೇಕಾದ ಎಂಜೈಮು ದಾರಿಯಲ್ಲಿ ಎಲ್ಲಿ ನಿಂತಿತೋ ಅಂತ ದಿನಾ ಫೋನ್ ಮಾಡಬೇಕು. ಸುಮ್ನೆ ಮತ್ತೆ ಮತ್ತೆ ಮಾಡಿ ನೋಡುವುದು ನಮ್ಮಂಥವರಿಗೆ ಗಿಟ್ಟುವ ಕೆಲಸವಲ್ಲ. ಹಾಗಾಗಿ ಆ ಎರಡು ತಿಂಗಳಲ್ಲೂ ಆಮೇಲೆ ಜೂನಿಯರ್‌ಗಳ ಪ್ಲೇಟ್‌ಗಳನ್ನು ನೋಡುವಾಗಲೂ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಜಾಗದ ಪರಿಚಯ. ನಾವು ಜೀನ್ ಹಾಕುವುದು ಮನುಷ್ಯನ 19ನೇ ಕ್ರೋಮೋಸೋಮಿನಲ್ಲಿ, ಪಿಪಿಪಿ1ಆರ್12ಸಿ ಅನ್ನುವ ಜೀನಿನ ಮೊದಲನೇ ಇಂಟ್ರಾನ್ (ಪ್ರೋಟೀನ್ ಆಗುವ ಮುನ್ನ ಆರ್‌ಎನ್‌ಎಯಿಂದ ಕತ್ತರಿಸಿ ಬಿಡುವ ತುಂಡು) ಒಳಗೆ. ಅಡಿನೋ-ಅಸೋಸಿಯೇಟೆಡ್ ವೈರಸ್, ಅಂದರೆ ಎಎವಿ, ತಾನಾಗಿಯೇ ಹೋಗಿ 19ನೇ ಕ್ರೋಮೋಸೋಮಿನಲ್ಲಿ ಕೂರುತ್ತದೆ ಅಂತ 1990ರಲ್ಲೇ ಗೊತ್ತಾಗಿತ್ತು. ಎಎವಿಎಸ್1 ಅನ್ನುವ ಹೆಸರು ಬಂದದ್ದು ಅಲ್ಲಿಂದ. ಇಲ್ಲಿ ಹೊಸದೇನಾದರೂ ಸೇರಿಸಿದರೆ ಕೋಶಕ್ಕೆ ಅಷ್ಟಾಗಿ ತೊಂದರೆ ಕಾಣುವುದಿಲ್ಲ, ಸೇರಿಸಿದ ಜೀನ್ ಸಾಮಾನ್ಯವಾಗಿ ಚೆನ್ನಾಗಿಯೇ ಓಡುತ್ತದೆ. ಅದಕ್ಕೇ ಜಗತ್ತಿನ ಎಷ್ಟೋ ಲ್ಯಾಬ್‌ಗಳು ಈ ಸೈಟನ್ನೇ ಹಿಡಿದಿವೆ.

ಬೇಕಾದ ಸಾಮಾನು ಮೂರು. ಕತ್ತರಿಸಲು ಕ್ಯಾಸ್9, ಎಲ್ಲಿ ಕತ್ತರಿಸಬೇಕು ಅಂತ ತೋರಿಸಲು ಗೈಡ್ ಆರ್‌ಎನ್‌ಎ, ಕತ್ತರಿಸಿದ ಜಾಗದಲ್ಲಿ ಕೂರಬೇಕಾದ ಜೀನನ್ನು ಹೊತ್ತ ಡೋನರ್ ಪ್ಲಾಸ್ಮಿಡ್ (ಉಂಗುರದಂತಿರುವ ಪುಟ್ಟ ಡಿಎನ್‌ಎ). ಡೋನರ್‌ನ ಎರಡೂ ತುದಿಯಲ್ಲಿ ಸುಮಾರು 800 ಬೇಸ್ ಉದ್ದದ ಹೋಮಾಲಜಿ ಆರ್ಮ್‌ಗಳಿರುತ್ತವೆ. ಇವು ಕತ್ತರಿಸಿದ ಜಾಗದ ಎಡಬಲದ ಡಿಎನ್‌ಎಯ ನಕಲು. ಬೆಂಗಳೂರಿನಲ್ಲಿ ಸೈಟ್ ತೋರಿಸುವವರು "ಈ ಕಡೆ ಗಣೇಶನ ಗುಡಿ, ಆ ಕಡೆ ಬೇಕರಿ, ನಡುವಿನದು ನಿಮ್ಮದು" ಅನ್ನುತ್ತಾರಲ್ಲ, ಆರ್ಮ್‌ಗಳ ಕೆಲಸ ಅದೇ. ಕೋಶ ಆ ಎರಡು ಗುರುತು ಹಿಡಿದು ಡೋನರ್‌ನಿಂದ ನಡುವಿನದನ್ನು ನಕಲು ಮಾಡಿಕೊಳ್ಳುತ್ತದೆ. ನಮ್ಮ ಡೋನರ್‌ನಲ್ಲಿ ನಡುವೆ ಮೊದಲು ಒಂದು ಸ್ಪ್ಲೈಸ್ ಆಕ್ಸೆಪ್ಟರ್ (ಆ ಜಾಗದ ಜೀನಿನ ಆರ್‌ಎನ್‌ಎಗೆ ನಮ್ಮದನ್ನು ಜೋಡಿಸುವ ಗುರುತು), ಅದರ ಹಿಂದೆ 2ಎ ತುಂಡು (ಎರಡು ಪ್ರೋಟೀನ್‌ಗಳನ್ನು ಬೇರೆ ಮಾಡುವುದು), ಪ್ರೊಮೋಟರ್ (ಜೀನನ್ನು ಓಡಿಸುವ ಸ್ವಿಚ್) ಇಲ್ಲದ ಪ್ಯೂರೋಮೈಸಿನ್ ಜೀನ್ (ಪ್ಯೂರೋಮೈಸಿನ್ ಅನ್ನುವ ಕೋಶ ಕೊಲ್ಲುವ ಔಷಧದಿಂದ ಕಾಪಾಡುವುದು), ಆಮೇಲೆ ಸಿಎಜಿ ಅನ್ನುವ ಪ್ರೊಮೋಟರ್ ಇರುವ ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನಿನ ಜೀನ್). ಪ್ಯೂರೋ ಜೀನಿಗೆ ಸ್ವಂತ ಪ್ರೊಮೋಟರ್ ಇಲ್ಲದ್ದರಿಂದ, ಅದು ಪಿಪಿಪಿ1ಆರ್12ಸಿ ಒಳಗೆ ಕೂತರೆ ಮಾತ್ರ ಓಡಬೇಕು. ಈ ಉಪಾಯಕ್ಕೆ ಜೀನ್ ಟ್ರ್ಯಾಪ್ ಅನ್ನುತ್ತಾರೆ.

ಈಗ ವಿಷಯಕ್ಕೆ ಬರೋಣ. ಕೈಕೊಟ್ಟಾಗ ಐದು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿ: ಒಳಗೆ ಹೋಯಿತಾ, ಕತ್ತರಿಸಿತಾ, ಕೂತಿತಾ, ಆಯ್ಕೆ (ಔಷಧ ಹಾಕಿ ಜೀನ್ ಕೂತ ಕೋಶಗಳನ್ನಷ್ಟೇ ಉಳಿಸುವುದು) ಸರಿಯಾಯಿತಾ, ನಾನು ನೋಡುತ್ತಿರುವ ಪುರಾವೆ ನಿಜವಾ. ಮೊದಲನೆಯದಕ್ಕೆ ಉತ್ತರ ಸಿಗುವ ತನಕ ಎರಡನೆಯದಕ್ಕೆ ಕೈ ಹಾಕಬೇಡಿ. ಬಹಳ ಜನ ನೇರವಾಗಿ ಮೂರನೆಯದಕ್ಕೆ ಹಾರಿ, ದುಬಾರಿ ಔಷಧಗಳನ್ನು ತರಿಸಿ, ಕೂರುವ ಪ್ರಮಾಣ ಜಾಸ್ತಿ ಮಾಡಲು ನೋಡುತ್ತಾರೆ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಸಲ ದೋಷ ಇರುವುದು ಎರಡನೆಯದರಲ್ಲಿ ಅಥವಾ ಐದನೆಯದರಲ್ಲಿ.

ಹಸಿರು ಬಂದು ಹೋದರೆ

ಎರಡನೇ ದಿನದ ಹಸಿರು ಹೇಳುವುದು ಒಂದೇ ಮಾತು: ಪ್ಲಾಸ್ಮಿಡ್ ಕೋಶದೊಳಗೆ ಹೋಗಿದೆ. ಕ್ರೋಮೋಸೋಮಿನಲ್ಲಿ ಕೂತಿದೆ ಅಂತ ಅಲ್ಲ. ಜಿಎಫ್‌ಪಿಗೆ ಸ್ವಂತ ಪ್ರೊಮೋಟರ್ ಇದೆಯಲ್ವಾ, ಅದು ಪ್ಲಾಸ್ಮಿಡ್‌ನಲ್ಲಿದ್ದುಕೊಂಡೇ ಹೊಳೆಯುತ್ತದೆ. ಕೋಶ ಒಡೆದು ಎರಡಾದಾಗಲೆಲ್ಲ ಪ್ಲಾಸ್ಮಿಡ್ ಹಂಚಿಹೋಗುತ್ತದೆ, ಹತ್ತು ಹದಿನಾಲ್ಕು ದಿನದಲ್ಲಿ ಬಹುಪಾಲು ಕಾಣೆಯಾಗುತ್ತದೆ. ಹಾಗಾಗಿ ಎರಡನೇ ದಿನ ಖುಷಿಪಡಬೇಡಿ, ಹದಿನಾಲ್ಕನೇ ದಿನದ ತನಕ ಕಾಯಿರಿ.

ಇದಕ್ಕೆ ಬೇಕಾದ ಕಂಟ್ರೋಲ್ ಒಂದೇ, ಮತ್ತು ಅದನ್ನೇ ಎಲ್ಲರೂ ಬಿಡುತ್ತಾರೆ. ಪ್ಲೇಟಿನ ಒಂದು ವೆಲ್‌ನಲ್ಲಿ, ಅಂದರೆ ಗುಳಿಯಲ್ಲಿ, ಕ್ಯಾಸ್9 ಹಾಕದೆ ಬರೀ ಡೋನರ್ ಹಾಕಿ. ಹದಿನಾಲ್ಕನೇ ದಿನ ಕ್ಯಾಸ್9 ಇರುವ ವೆಲ್‌ನಲ್ಲಿ ಹಸಿರು ಕೋಶಗಳು ಇದಕ್ಕಿಂತ ಎದ್ದುಕಾಣುವಷ್ಟು ಜಾಸ್ತಿ ಇದ್ದರೆ ಕತ್ತರಿಸಿದ್ದರಿಂದ ಏನೋ ಲಾಭ ಆಗಿದೆ. ಎರಡೂ ಒಂದೇ ಥರ ಇದ್ದರೆ, ಉಳಿದಿರುವ ಹಸಿರೆಲ್ಲ ಕಂಡಕಂಡಲ್ಲಿ ಕೂತದ್ದು. ಈ ಒಂದು ವೆಲ್ ನನ್ನ ಮೊದಲ ಪ್ರಯೋಗದಲ್ಲಿ ಇದ್ದಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಎರಡನೇ ದಿನವೂ ಹಸಿರು ಇಲ್ಲವಾ? ಆಗ ಸಾಗಣೆಯದೇ ತೊಂದರೆ. ನಾವು ಬಳಸುವ ಮನುಷ್ಯನ ಕೋಶ ಎಚ್‌ಇಕೆ293ಟಿ (ಮುಂದೆ ಎಚ್‌ಇಕೆ ಅಥವಾ 293ಟಿ) ಅಷ್ಟು ಸುಲಭವಾಗಿ ಡಿಎನ್‌ಎ ಒಳಗೆ ಬಿಟ್ಟುಕೊಳ್ಳುವ ಕೋಶ, ಅದರಲ್ಲೂ ಬರಲಿಲ್ಲ ಅಂದರೆ ಪ್ಲಾಸ್ಮಿಡ್ ಶುದ್ಧವಾಗಿಲ್ಲ, ಇಲ್ಲವೇ ಕೋಶಗಳಿಗೆ ಮೈಕೋಪ್ಲಾಸ್ಮಾ ಅನ್ನುವ ಪುಟ್ಟ ಬ್ಯಾಕ್ಟೀರಿಯಾ ಹತ್ತಿದೆ. ಪ್ಲಾಸ್ಮಿಡ್‌ನ 260/280 ಅನುಪಾತ (ಶುದ್ಧತೆ ತೋರಿಸುವ ಬೆಳಕಿನ ಅಳತೆ) 1.8ರಿಂದ 2.0ರ ನಡುವೆ ಇರಲಿ, ಎಂಡೋಟಾಕ್ಸಿನ್ ಅನ್ನುವ ಬ್ಯಾಕ್ಟೀರಿಯಾದ ವಿಷ ತೆಗೆದ ಪ್ರೆಪ್ ಆಗಿರಲಿ. ಮೈಕೋಪ್ಲಾಸ್ಮಾಗೆ ಕೋಶಭಿತ್ತಿಯೇ ಇಲ್ಲ, ನೀವು ಮೀಡಿಯಾಕ್ಕೆ ಹಾಕುವ ಪೆನಿಸಿಲಿನ್ ಅದನ್ನು ಮುಟ್ಟುವುದೂ ಇಲ್ಲ. ಮೀಡಿಯಾ ತಿಳಿಯಾಗಿಯೇ ಕಾಣುತ್ತದೆ. ಪಿಸಿಆರ್ (ಡಿಎನ್‌ಎಯ ಒಂದು ತುಂಡನ್ನು ಲಕ್ಷಾಂತರ ಪ್ರತಿ ಮಾಡಿ ನೋಡುವುದು) ಮಾಡಿಯೇ ಕಂಡುಹಿಡಿಯಬೇಕು.

ಕತ್ತರಿ ಆಡಿದೆಯಾ ಅಂತ ನೋಡುವುದು

ನನ್ನ ಮೂರು ಸೋಲಿನ ಕಾರಣ ಇಲ್ಲಿತ್ತು. ಗೈಡ್ ಹಾಕಿದ ಪ್ಲಾಸ್ಮಿಡ್ ಅಂತ ನಾನು ತೆಗೆದುಕೊಂಡ ಟ್ಯೂಬಿನಲ್ಲಿ ಇದ್ದದ್ದು ಗೈಡ್ ಹಾಕದ ಖಾಲಿ ವೆಕ್ಟರ್. ಎಥನಾಲ್ ತಾಗಿ ಮುಚ್ಚಳದ ಮೇಲಿನ ಬರಹ ಅಳಿಸಿತ್ತು, ಯಾರೋ ಅಂದಾಜಿನ ಮೇಲೆ ಮತ್ತೆ ಬರೆದಿದ್ದರು. ಕ್ಯಾಸ್9 ಚೆನ್ನಾಗಿ ತಯಾರಾಗುತ್ತಿತ್ತು, ಆದರೆ ಅದಕ್ಕೆ ವಿಳಾಸವೇ ಇರಲಿಲ್ಲ. ಒಂದು ಸೀಕ್ವೆನ್ಸಿಂಗ್ (ಡಿಎನ್‌ಎ ಅಕ್ಷರಗಳನ್ನು ಓದಿಸುವ) ರಿಯಾಕ್ಷನ್ ಮಾಡಿಸಿದ್ದರೆ ಮೊದಲ ವಾರವೇ ಗೊತ್ತಾಗುತ್ತಿತ್ತು. ಈಗ ನಾನು ಯಾವ ಪ್ಲಾಸ್ಮಿಡ್ಡನ್ನೂ ಸೀಕ್ವೆನ್ಸ್ ನೋಡದೆ ಕೋಶಕ್ಕೆ ಹಾಕುವುದಿಲ್ಲ, ಅದು ಪಕ್ಕದ ಬೆಂಚಿನಿಂದ ಬಂದದ್ದಾದರೂ ಸರಿ.

ಕತ್ತರಿಸಿದೆಯಾ ಅಂತ ನೋಡುವ ದಾರಿ ಹೀಗೆ. ಕ್ಯಾಸ್9 ಮತ್ತು ಗೈಡ್ ಮಾತ್ರ ಹಾಕಿ, ಡೋನರ್ ಬೇಡ. ಮೂರನೇ ದಿನ ಕೋಶಗಳಿಂದ ಡಿಎನ್‌ಎ ತೆಗೆಯಿರಿ. ಕತ್ತರಿಸುವ ಜಾಗ ನಡುವೆ ಬರುವಂತೆ 600ರಿಂದ 700 ಬೇಸ್‌ನ ತುಂಡನ್ನು ಪಿಸಿಆರ್ ಮಾಡಿ ಸ್ಯಾಂಗರ್ ಸೀಕ್ವೆನ್ಸಿಂಗಿಗೆ ಕಳಿಸಿ, ಜತೆಗೆ ಏನೂ ಹಾಕದ ಕೋಶಗಳದ್ದನ್ನೂ. ಕ್ಯಾಸ್9 ಕತ್ತರಿಸುವುದು ಪ್ಯಾಮ್ ಅನ್ನುವ ಮೂರಕ್ಷರದ ಗುರುತಿಗಿಂತ ಮೂರು ಬೇಸ್ ಹಿಂದೆ. ಕತ್ತರಿ ಆಡಿದ್ದರೆ ಅಲ್ಲಿಯ ತನಕ ಟ್ರೇಸ್ (ಸೀಕ್ವೆನ್ಸಿಂಗ್ ಕೊಡುವ ಗೆರೆಚಿತ್ರ) ಸ್ವಚ್ಛವಾಗಿರುತ್ತದೆ, ಅಲ್ಲಿಂದ ಮುಂದೆ ಒಂದರ ಮೇಲೊಂದು ಗೆರೆ ಬಿದ್ದು ಕಲಸುಮೇಲೋಗರ ಆಗುತ್ತದೆ. ಟೈಡ್ ಅಥವಾ ಐಸಿಇ ಅನ್ನುವ ಸಾಫ್ಟ್‌ವೇರ್‌ಗೆ ಎರಡೂ ಫೈಲ್ ಕೊಟ್ಟರೆ ಶೇಕಡಾ ಎಷ್ಟು ಕತ್ತರಿಸಿದೆ ಅಂತ ಲೆಕ್ಕ ಕೊಡುತ್ತದೆ. ಟಿ7 ಎಂಡೋನ್ಯೂಕ್ಲಿಯೇಸ್ ಹಾಕಿ ಜೆಲ್ ಓಡಿಸುವ ಹಳೆಯ ವಿಧಾನವೂ ಇದೆ, ಆದರೆ ಕತ್ತರಿಸುವಿಕೆ ಜಾಸ್ತಿ ಇರುವಾಗ ಅದು ಕಡಿಮೆ ತೋರಿಸುತ್ತದೆ. ನಾನು ಅದನ್ನು ಬಿಟ್ಟುಬಿಟ್ಟಿದ್ದೇನೆ.

ಎಚ್‌ಇಕೆ ಕೋಶಗಳಲ್ಲಿ ಶೇಕಡಾ 10ಕ್ಕಿಂತ ಕಡಿಮೆ ಬಂದರೆ ಮುಂದೆ ಹೋಗಬೇಡಿ. ಮೊದಲು ಟಿ2 ಅನ್ನುವ ಎಎವಿಎಸ್1 ಗೈಡನ್ನು ಪಕ್ಕದಲ್ಲಿ ಇಟ್ಟು ನೋಡಿ. 2013ರಲ್ಲಿ ಅಮೆರಿಕದ ವಿಜ್ಞಾನಿ ಜಾರ್ಜ್ ಚರ್ಚ್ ಅವರ ಗುಂಪು ಪ್ರಕಟಿಸಿದ ಗೈಡ್ ಅದು, ಅಂದಿನಿಂದ ಎಷ್ಟೋ ಕೈಗಳಲ್ಲಿ ಓಡಿದೆ. ಅದು ಕತ್ತರಿಸಿ ನಿಮ್ಮದು ಕತ್ತರಿಸದಿದ್ದರೆ ದೋಷ ನಿಮ್ಮ ಗೈಡ್‌ನಲ್ಲಿದೆ. ಗೈಡ್ ಒಳಗೆ ನಾಲ್ಕು ಟಿ ಸಾಲಾಗಿ ಬಂದರೆ, ಪ್ಲಾಸ್ಮಿಡ್‌ನಲ್ಲಿ ಗೈಡ್ ತಯಾರಿಸುವ ಯು6 ಪ್ರೊಮೋಟರ್‌ನಿಂದ ಹೊರಟ ಆರ್‌ಎನ್‌ಎ ಅಲ್ಲೇ ನಿಲ್ಲುತ್ತದೆ, ಇದನ್ನು ಒಮ್ಮೆ ಕಣ್ಣಲ್ಲಿ ನೋಡಿಬಿಡಿ. ಯು6 ಬಳಸುವಾಗ ಗೈಡ್‌ನ ಮೊದಲ ಅಕ್ಷರ ಜಿ ಇದ್ದರೆ ಒಳ್ಳೆಯದು. ಎರಡೂ ಕತ್ತರಿಸದಿದ್ದರೆ ಕ್ಯಾಸ್9 ಅಥವಾ ಸಾಗಣೆ ಸರಿಯಿಲ್ಲ. ಪ್ಲಾಸ್ಮಿಡ್ ಬದಲು ಕ್ಯಾಸ್9 ಪ್ರೋಟೀನ್ ಮತ್ತು ಗೈಡ್ ಆರ್‌ಎನ್‌ಎ ಬೆರೆಸಿ ಹಾಕುವವರು ಆರ್‌ಎನ್‌ಎ ಕೊಳೆತಿದೆಯಾ ಅಂತ ಮೊದಲು ನೋಡಿ. ಗ್ಲೋವ್ಸ್ ಹಾಕಿಕೊಂಡು ಫೋನ್ ಮುಟ್ಟಿ ಅದೇ ಕೈಯಲ್ಲಿ ಟ್ಯೂಬ್ ತೆರೆಯುವುದನ್ನು ನಾನು ವಾರಕ್ಕೆ ಎರಡು ಸಲವಾದರೂ ನೋಡುತ್ತೇನೆ.

ಕತ್ತರಿಸಿದೆ, ಆದರೆ ಕೂತಿಲ್ಲ

ಕತ್ತರಿಸಿದ ಡಿಎನ್‌ಎಯನ್ನು ಕೋಶ ಎರಡು ರೀತಿಯಲ್ಲಿ ಸರಿಮಾಡುತ್ತದೆ. ಒಂದು, ತುದಿಗಳನ್ನು ಅವಸರದಲ್ಲಿ ಹೊಲಿದುಬಿಡುವುದು. ಇನ್ನೊಂದು, ನಕಲು ನೋಡಿಕೊಂಡು ನಿಧಾನವಾಗಿ ತುಂಬುವುದು. ನಮಗೆ ಬೇಕಾದದ್ದು ಎರಡನೆಯದು, ಅದು ನಡೆಯುವುದು ಮುಖ್ಯವಾಗಿ ಕೋಶ ತನ್ನ ಡಿಎನ್‌ಎ ದ್ವಿಗುಣ ಮಾಡಿಕೊಳ್ಳುವ ಹೊತ್ತಿನಲ್ಲಿ ಮತ್ತು ಅದಾದ ಕೂಡಲೇ, ಎಸ್ ಮತ್ತು ಜಿ2 ಹಂತದಲ್ಲಿ. ಅಂದರೆ ಒಡೆಯದೆ ನಿಂತ ಕೋಶಗಳಲ್ಲಿ ನೀವು ಏನೇ ಸರ್ಕಸ್ ಮಾಡಿದರೂ ಜೀನ್ ಕೂರುವುದು ಕಷ್ಟ. ಪ್ಲೇಟ್ ತುಂಬಿ ತುಳುಕುವಾಗ ಟ್ರಾನ್ಸ್‌ಫೆಕ್ಷನ್ ಮಾಡಬೇಡಿ. ಹಿಂದಿನ ಸಂಜೆ ಕೋಶಗಳನ್ನು ಬಿಡಿಸಿ ಹರಡಿ, ಮಾರನೇ ಬೆಳಗ್ಗೆ 60-70 ಶೇಕಡಾ ತುಂಬಿದಾಗ ಹಾಕಿ. ನಾನು ಖರ್ಚಿಲ್ಲದೆ ಮಾಡಿದ ಬದಲಾವಣೆಗಳಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದು.

ಆಮೇಲೆ ಡೋನರ್ ನೋಡಿ. ಎರಡು ಆರ್ಮ್‌ಗಳು ಸೇರುವ ಜಾಗ ಕ್ಯಾಸ್9 ಕತ್ತರಿಸುವ ಜಾಗಕ್ಕೆ ಹತ್ತಿರ ಇರಬೇಕು, ಹತ್ತು ಬೇಸ್ ಒಳಗೆ ಇದ್ದರೆ ಒಳ್ಳೆಯದು. ಬೇರೆ ಗೈಡ್‌ಗೆ ಅಂತ ಮಾಡಿದ ಡೋನರನ್ನು ಹೊಸ ಗೈಡ್ ಜತೆ ಹಾಕಿದರೆ ಇಲ್ಲಿ ಎಡವುತ್ತೀರಿ. ಇನ್ನೊಂದು ಅಪಾಯ, ಗೈಡ್ ಹುಡುಕುವ ಅಕ್ಷರಗಳು ಡೋನರ್ ಒಳಗೂ ಪೂರ್ತಿಯಾಗಿ ಇದ್ದುಬಿಡುವುದು. ಆಗ ಕ್ಯಾಸ್9 ಡೋನರನ್ನೂ ಕತ್ತರಿಸುತ್ತದೆ, ಕಷ್ಟಪಟ್ಟು ಕೂತ ಜೀನಿನ ಅಂಚನ್ನೂ ಕತ್ತರಿಸುತ್ತದೆ. ಟಿ2 ಗೈಡ್‌ಗೆ ಮಾಡಿದ ಡೋನರ್‌ಗಳಲ್ಲಿ ಜೀನ್ ಆ ಅಕ್ಷರಗಳ ನಡುವೆಯೇ ಸೇರುವುದರಿಂದ ಗುರುತು ಒಡೆದುಹೋಗುತ್ತದೆ. ಬೇರೆ ಸೈಟ್ ಆದರೆ ಪ್ಯಾಮ್‌ನ ಒಂದು ಅಕ್ಷರವನ್ನು ಬದಲಿಸಿ.

ಡೋನರ್ ಜಾಸ್ತಿ ಹಾಕಿದರೆ ಜಾಸ್ತಿ ಕೂರುತ್ತದೆ ಅನ್ನುವುದೂ ಒಂದು ಮಟ್ಟದ ತನಕ ಮಾತ್ರ. ಅದರಾಚೆ ಕೋಶಗಳು ಸಾಯುತ್ತವೆ, ಕಂಡಕಂಡಲ್ಲಿ ಕೂರುವುದೂ ಹೆಚ್ಚುತ್ತದೆ. ಪ್ಲಾಸ್ಮಿಡ್ಡನ್ನು ಕತ್ತರಿಸಿ ಉದ್ದ ತುಂಡಾಗಿ ಹಾಕಿದರೂ ಇದೇ ತೊಂದರೆ ಜಾಸ್ತಿ.

ಇನ್ನು ಔಷಧದ ವಿಷಯ. ಅವಸರದ ಹೊಲಿಗೆಗೆ ಬೇಕಾದ ಡಿಎನ್‌ಎ-ಪಿಕೆ ಅನ್ನುವ ಎಂಜೈಮನ್ನು ತಡೆಯುವ ಔಷಧಗಳಿವೆ. ಅವು ಕೆಲಸ ಮಾಡುತ್ತವೆ, ಕೂತ ಪ್ರಮಾಣ ಏರುತ್ತದೆ. ಆದರೆ ಅವುಗಳಲ್ಲಿ ಒಂದಾದ ಎಝಡ್‌ಡಿ7648 ಹಾಕಿದಾಗ ಕತ್ತರಿಸಿದ ಜಾಗದ ಸುತ್ತ ಸಾವಿರಾರು ಬೇಸ್ ಅಳಿಸಿಹೋಗುವುದು ಹೆಚ್ಚುತ್ತದೆ, ಕ್ರೋಮೋಸೋಮಿನ ತೋಳೇ ಕಳೆದುಹೋಗುವುದೂ ಉಂಟು ಅಂತ 2024ರಲ್ಲಿ ವರದಿಯಾಯಿತು. ಇದರಲ್ಲಿ ಇನ್ನೊಂದು ಮೋಸ ಇದೆ. ಅಷ್ಟು ದೊಡ್ಡದಾಗಿ ಅಳಿಸಿಹೋದ ಕ್ರೋಮೋಸೋಮ್ ಪ್ರತಿಯಲ್ಲಿ ನಿಮ್ಮ ಪ್ರೈಮರ್ (ಪಿಸಿಆರ್ ಎಲ್ಲಿಂದ ಶುರು ಅಂತ ಗುರುತಿಸುವ ಚಿಕ್ಕ ಡಿಎನ್‌ಎ ತುಂಡು) ಹಿಡಿಯುವ ಜಾಗವೇ ಇರುವುದಿಲ್ಲ, ಅದು ಪಿಸಿಆರ್‌ನಲ್ಲಿ ಕಾಣುವುದಿಲ್ಲ, ಲೆಕ್ಕದಿಂದ ಬಿಟ್ಟುಹೋಗುತ್ತದೆ, ಉಳಿದದ್ದರಲ್ಲಿ ಸರಿಯಾಗಿ ಕೂತದ್ದರ ಶೇಕಡಾವಾರು ತಾನಾಗಿ ಮೇಲೇರುತ್ತದೆ. ಕೋಶಗಳು ಹಾಳಾಗಿವೆ, ನಿಮ್ಮ ನೋಟ್‌ಬುಕ್ಕಿನಲ್ಲಿ ಸಂಖ್ಯೆ ಚೆನ್ನಾಗಿದೆ! ಎಚ್‌ಇಕೆ ಕೋಶದಲ್ಲಿ ಜೀನ್ ಟ್ರ್ಯಾಪ್ ಡೋನರ್ ಹಾಕಿ ಪ್ಯೂರೋ ಆಯ್ಕೆ ಮಾಡುವವರಿಗೆ ಈ ಔಷಧಗಳು ಬೇಕಾಗಿಯೇ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನೂರರಲ್ಲಿ ಒಂದೆರಡು ಕೋಶದಲ್ಲಿ ಸರಿಯಾಗಿ ಕೂತರೂ ಆಯ್ಕೆ ಅವುಗಳನ್ನು ಹೊರತರುತ್ತದೆ.

ಔಷಧಕ್ಕೆ ಸಾಯದ ಕೋಶಗಳು, ಎಲ್ಲವೂ ಸತ್ತ ಕೋಶಗಳು

ಒಬ್ಬ ಗೆಳೆಯ 293ಟಿ ಕೋಶಗಳಿಗೆ ಜಿ418 ಅನ್ನುವ ಆಯ್ಕೆಯ ಔಷಧ ಹಾಕಿ ಮೂರು ವಾರ ಕಾದ. ಒಂದೂ ಸಾಯಲಿಲ್ಲ. ಔಷಧದ ಬ್ಯಾಚ್ ಸರಿಯಿಲ್ಲ ಅಂತ ಹೊಸದು ತರಿಸಿದ, ಆಗಲೂ ಸಾಯಲಿಲ್ಲ. ಕಾರಣ ಸರಳ: 293ಟಿ ಮಾಡಿದಾಗಲೇ ಅದರೊಳಗೆ ನಿಯೋಮೈಸಿನ್ ನಿರೋಧಕ ಜೀನ್ ಸೇರಿದೆ, ಅದು ಜಿ418 ಅನ್ನೂ ತಡೆಯುತ್ತದೆ. ಜಿ418 ಅದಕ್ಕೆ ನಾಟುವುದೇ ಇಲ್ಲ. 293ಟಿಗೆ ಪ್ಯೂರೋಮೈಸಿನ್ ಅಥವಾ ಹೈಗ್ರೋಮೈಸಿನ್ ಬಳಸಿ.

ಪ್ಯೂರೋ ಪ್ರಮಾಣವನ್ನು ಬೇರೆಯವರ ಪ್ರೋಟೋಕಾಲ್‌ನಿಂದ ಎತ್ತಿಕೊಳ್ಳಬೇಡಿ. ಆರು ವೆಲ್ ತೆಗೆದುಕೊಂಡು ಮಿಲಿಲೀಟರ್‌ಗೆ 0, 0.25, 0.5, 1, 2, 3 ಮೈಕ್ರೋಗ್ರಾಂ ಹಾಕಿ. ಜೀನ್ ಹಾಕದ ಕೋಶಗಳೆಲ್ಲ ಮೂರು ದಿನದಲ್ಲಿ ಸಾಯುವ ಅತಿ ಕಡಿಮೆ ಪ್ರಮಾಣ ನಿಮ್ಮದು. ಜೀನ್ ಟ್ರ್ಯಾಪ್‌ನಲ್ಲಿ ಪ್ಯೂರೋ ಜೀನ್ ಓಡುವುದು ಆ ಕೋಶದ ಸ್ವಂತ ಪ್ರೊಮೋಟರ್ ಬಲದ ಮೇಲೆ, ಅದು ಸಿಎಂವಿ ಅನ್ನುವ ವೈರಸ್ ಪ್ರೊಮೋಟರ್ ಥರ ಜೋರಲ್ಲ. ಪ್ರಮಾಣ ಹೆಚ್ಚಾದರೆ ಸರಿಯಾಗಿ ಕೂತ ಕೋಶಗಳೂ ಸಾಯುತ್ತವೆ. ಎಲ್ಲವೂ ಸತ್ತರೆ ಇದನ್ನೇ ಮೊದಲು ನೋಡಿ, ಆಮೇಲೆ ಸ್ಪ್ಲೈಸ್ ಆದಮೇಲೆ ಪ್ಯೂರೋ ಜೀನಿನ ಓದುವ ಚೌಕಟ್ಟು (ಮೂರು ಮೂರು ಅಕ್ಷರವಾಗಿ ಓದುವ ಸಾಲು) ಸರಿ ಬೀಳುತ್ತದಾ ಅಂತ ಅಕ್ಷರ ಎಣಿಸಿ. ಎಲ್ಲೋ ಒಂದು ಬೇಸ್ ಜಾರಿದ್ದರೆ ಜೀನ್ ಸರಿಯಾದ ಸೈಟಿನಲ್ಲೇ ಕೂತಿರುತ್ತದೆ, ಪ್ಯೂರೋ ಪ್ರೋಟೀನ್ ಮಾತ್ರ ತಯಾರಾಗುವುದಿಲ್ಲ. ಆಯ್ಕೆ ಶುರುಮಾಡುವುದು 48ರಿಂದ 72 ಗಂಟೆ ಕಳೆದಮೇಲೆ. ಮತ್ತು ಆಯ್ಕೆಯ ಪ್ರತಿ ದಿನವೂ ಜೀನ್ ಹಾಕದೆ ಔಷಧ ಮಾತ್ರ ಹಾಕಿದ ಕೋಶಗಳ ಒಂದು ವೆಲ್ ಪಕ್ಕದಲ್ಲಿ ಇರಲೇಬೇಕು. ಅದು ಸತ್ತದ್ದನ್ನು ಕಣ್ಣಾರೆ ನೋಡದಿದ್ದರೆ ಉಳಿದ ವೆಲ್‌ನಲ್ಲಿ ಬದುಕಿದವಕ್ಕೆ ಅರ್ಥವಿಲ್ಲ.

ಬೇಸಿಗೆಯಲ್ಲಿ ಇನ್ನೊಂದು. ಏಪ್ರಿಲ್ ಮೇನಲ್ಲಿ ರಾತ್ರಿ ಕರೆಂಟ್ ಹೋಗಿ, ಯುಪಿಎಸ್ ಕೈಬಿಟ್ಟು, ಬೆಳಗ್ಗೆ ಬರುವಷ್ಟರಲ್ಲಿ ಮತ್ತೆ ಎಲ್ಲ ಸರಿಯಾಗಿರುತ್ತದೆ. ಇನ್‌ಕ್ಯುಬೇಟರ್ ಬಾಗಿಲಲ್ಲಿ 37 ಡಿಗ್ರಿ ತೋರಿಸುತ್ತದೆ, ನಿಮಗೆ ಏನೂ ಗೊತ್ತಾಗುವುದಿಲ್ಲ. ಮೀಡಿಯಾದ ಬಣ್ಣ ನೋಡಿ. ಇಂಗಾಲದ ಡೈಆಕ್ಸೈಡ್ ನಿಂತಿದ್ದರೆ ಅದು ನೇರಳೆಯ ಕಡೆಗೆ ತಿರುಗಿರುತ್ತದೆ. ಆ ವಾರದ ಫಲಿತಾಂಶವನ್ನು ಗೈಡ್ ಮೇಲೆ, ಡೋನರ್ ಮೇಲೆ ಹೊರಿಸಬೇಡಿ.

ಬ್ಯಾಂಡ್ ಬಂದಿದೆ, ನಂಬಬಹುದಾ?

ಇದನ್ನು ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಏಕೆಂದರೆ ಅತಿ ಹೆಚ್ಚು ಜನ ಮೋಸ ಹೋಗುವುದು ಇಲ್ಲಿ.

ಹೊಸದಾಗಿ ಸೇರಿದ ಹುಡುಗಿ ಒಬ್ಬಳು ಒಂದು ಸಂಜೆ ಜೆಲ್ ಫೋಟೋ (ಪಿಸಿಆರ್ ತುಂಡುಗಳು ಬ್ಯಾಂಡ್, ಅಂದರೆ ಗೆರೆಗಳಾಗಿ ಕಾಣುವ ಚಿತ್ರ) ಹಿಡಿದುಕೊಂಡು ಬಂದಳು. "ಅಕ್ಕಾ, ಹನ್ನೆರಡು ಕ್ಲೋನ್‌ನಲ್ಲಿ ಹನ್ನೆರಡೂ ಪಾಸಿಟಿವ್. ನಂಗ್ಯಾಕೋ ನಂಬಿಕೆ ಬರ್ತಿಲ್ಲ." ಕ್ಲೋನ್ ಅಂದರೆ ಒಂದೇ ಕೋಶದಿಂದ ಬೆಳೆಸಿದ ಗುಂಪು. ಅವಳ ಅನುಮಾನ ಸರಿಯಾಗಿತ್ತು. ಪ್ರೈಮರ್‌ಗಳನ್ನು ಬಿಡಿಸಿ ನೋಡಿದರೆ ಒಂದು ಜೀನಿನೊಳಗಿತ್ತು, ಇನ್ನೊಂದು ಎಡಗಡೆ ಆರ್ಮ್ ಒಳಗಿತ್ತು. ಆರ್ಮ್ ಡೋನರ್ ಪ್ಲಾಸ್ಮಿಡ್‌ನಲ್ಲೂ ಇದೆ ತಾನೇ. ಅವಳ ಪಿಸಿಆರ್ ಹಿಡಿದದ್ದು ಉಳಿದುಕೊಂಡಿದ್ದ ಪ್ಲಾಸ್ಮಿಡ್ಡನ್ನು, ಅಥವಾ ಬೇರೆಲ್ಲೋ ಕೂತ ಡೋನರನ್ನು. ಸೈಟ್ ಮಾರಲು ಬಂದವನೇ ತಂದ ಕಾಗದ ನೋಡಿ ಜಾಗ ಇವನದ್ದೇ ಅಂದಹಾಗಾಯಿತು. ಕೇಳಬೇಕಾದದ್ದು ಪಕ್ಕದ ಮನೆಯವರನ್ನು.

ಅಂದರೆ ಒಂದು ಪ್ರೈಮರ್ ಕಡ್ಡಾಯವಾಗಿ ಆರ್ಮ್‌ನ ಆಚೆ, ಕ್ರೋಮೋಸೋಮಿನಲ್ಲಿ ಮಾತ್ರ ಇರುವ ಜಾಗದಲ್ಲಿ ಇರಬೇಕು. ಇನ್ನೊಂದು ಸೇರಿಸಿದ ಜೀನಿನೊಳಗೆ. ಇಂಥ ಜೋಡಿ ಎಡಕ್ಕೊಂದು, ಬಲಕ್ಕೊಂದು. ಎರಡೂ ಕಡೆ ಬ್ಯಾಂಡ್ ಬಂದು, ಎರಡೂ ಬ್ಯಾಂಡನ್ನು ಸೀಕ್ವೆನ್ಸ್ ಮಾಡಿ, ಆರ್ಮ್ ದಾಟಿ ಕ್ರೋಮೋಸೋಮಿಗೆ ಸೇರುವ ಜಾಗ ಅಕ್ಷರ ಅಕ್ಷರ ಸರಿಯಿದ್ದರೆ ಆಗ ನಂಬಿ. ಒಂದೇ ಕಡೆ ಸರಿಯಾಗಿ ಸೇರಿ ಇನ್ನೊಂದು ಕಡೆ ಹೇಗೋ ಹೊಲಿದುಕೊಂಡ ಕ್ಲೋನ್‌ಗಳು ಬೇಕಾದಷ್ಟು ಸಿಗುತ್ತವೆ.

ಉಳಿದ ಪ್ಲಾಸ್ಮಿಡ್ ಎಷ್ಟು ದೊಡ್ಡ ಪೀಡೆ ಅಂತ ಲೆಕ್ಕ ಹಾಕಿ ನೋಡಿ. ಮನುಷ್ಯನ ಜೀನೋಮಿನ ಒಂದು ಪ್ರತಿಯ ತೂಕ ಸುಮಾರು 3.3 ಪಿಕೋಗ್ರಾಂ. ನೀವು ಪಿಸಿಆರ್‌ಗೆ 100 ನ್ಯಾನೋಗ್ರಾಂ ಡಿಎನ್‌ಎ ಹಾಕಿದರೆ ಅದರಲ್ಲಿ ಸುಮಾರು 30 ಸಾವಿರ ಪ್ರತಿ. ಈಗ 8 ಸಾವಿರ ಬೇಸ್‌ನ ಡೋನರ್ ಪ್ಲಾಸ್ಮಿಡ್ ತೆಗೆದುಕೊಳ್ಳಿ. ಅದು ಬರೀ 1 ಪಿಕೋಗ್ರಾಂ ಉಳಿದಿದ್ದರೂ ಒಂದು ಲಕ್ಷಕ್ಕೂ ಜಾಸ್ತಿ ಪ್ರತಿ ಆಯಿತು. ಕಣ್ಣಿಗೂ ಯಂತ್ರಕ್ಕೂ ಕಾಣದಷ್ಟು ಪ್ಲಾಸ್ಮಿಡ್ ನಿಮ್ಮ ಇಡೀ ಜೀನೋಮಿಗಿಂತ ಮೂರು ಪಟ್ಟು ಗಟ್ಟಿಯಾಗಿ ಕೂಗುತ್ತಿರುತ್ತದೆ. ಪ್ರೈಮರ್ ಆಚೆ ಇದ್ದರೂ ಸಹ, ಪಿಸಿಆರ್ ನಡುವೆ ಅರ್ಧ ಬೆಳೆದ ತುಂಡು ಒಂದು ಅಚ್ಚಿನಿಂದ ಇನ್ನೊಂದಕ್ಕೆ ನೆಗೆದು, ಇಲ್ಲದ ಜೋಡಣೆಯನ್ನು ತೋರಿಸಬಹುದು. ಅದಕ್ಕೇ ಟ್ರಾನ್ಸ್‌ಫೆಕ್ಷನ್ ಆಗಿ ಎರಡು ಮೂರು ವಾರ ಆದಮೇಲೆ, ಕೋಶಗಳನ್ನು ಕೆಲವು ಸಲ ಬಿಡಿಸಿ ಬೆಳೆಸಿದಮೇಲೆ ಈ ಪಿಸಿಆರ್ ಮಾಡಿ. ಕಂಟ್ರೋಲ್ ಆಗಿ, ಏನೂ ಹಾಕದ ಕೋಶಗಳ ಡಿಎನ್‌ಎಗೆ ಸ್ವಲ್ಪ ಡೋನರ್ ಪ್ಲಾಸ್ಮಿಡ್ ಬೆರೆಸಿ ಒಂದು ಟ್ಯೂಬ್ ಇಡಿ. ಅದರಲ್ಲಿ ಬ್ಯಾಂಡ್ ಬಂದರೆ ನಿಮ್ಮ ಪಿಸಿಆರ್ ಸುಳ್ಳು ಹೇಳುತ್ತದೆ ಅಂತ ಅರ್ಥ. ಈ ಟ್ಯೂಬನ್ನು ನಮ್ಮಲ್ಲಿ ಈಗ ಯಾರೂ ಬಿಡುವುದಿಲ್ಲ.

ಇದರ ತಿರುಗುಮುರುಗು ತೊಂದರೆಯೂ ಇದೆ: ಕೋಶ ಪ್ಯೂರೋಗೆ ಬದುಕಿದೆ, ಹಸಿರಾಗಿದೆ, ಬ್ಯಾಂಡ್ ಮಾತ್ರ ಬರುವುದಿಲ್ಲ. ಜೀನ್ ಕೂತಿಲ್ಲ ಅಂತ ಕ್ಲೋನ್‌ಗಳನ್ನು ಎಸೆಯಬೇಡಿ. ಎಎವಿಎಸ್1 ಸುತ್ತಮುತ್ತ ಜಿ ಮತ್ತು ಸಿ ಅಕ್ಷರಗಳು ದಟ್ಟವಾಗಿವೆ, ಮಾಮೂಲಿ ಟ್ಯಾಕ್ ಪಾಲಿಮರೇಸ್ ಅಲ್ಲಿ ಎಡವುತ್ತದೆ. ಜಿಸಿ ಬಫರ್ ಜತೆ ಬರುವ ಒಳ್ಳೆಯ ಪಾಲಿಮರೇಸ್ ತೆಗೆದುಕೊಳ್ಳಿ, ಶೇಕಡಾ 5 ಡಿಎಂಎಸ್‌ಒ ಹಾಕಿ ನೋಡಿ, ಬೀಟೈನ್ ಸಹ ಕೆಲಸಕ್ಕೆ ಬರುತ್ತದೆ. ಆರ್ಮ್ 800 ಬೇಸ್ ಅಂದಮೇಲೆ ಬ್ಯಾಂಡ್ ಸಾವಿರ ದಾಟುತ್ತದೆ, ಎಕ್ಸ್‌ಟೆನ್ಷನ್ ಸಮಯ ಅದಕ್ಕೆ ತಕ್ಕಂತೆ ಕೊಡಿ. ಡಿಎನ್‌ಎ ಒಡೆದು ಪುಡಿಯಾಗಿದೆಯಾ ಅಂತ ಜೆಲ್‌ನಲ್ಲಿ ಓಡಿಸಿ ನೋಡಿ. ಆಚೆಯ ಪ್ರೈಮರ್ ಕೆಲಸ ಮಾಡುತ್ತದಾ ಅಂತ, ಏನೂ ಹಾಕದ ಕೋಶದಲ್ಲಿ ಅದಕ್ಕೆ ಆರ್ಮ್ ಒಳಗಿನ ಇನ್ನೊಂದು ಪ್ರೈಮರ್ ಜೋಡಿಸಿ ಮೊದಲೇ ಪರೀಕ್ಷಿಸಿ. ಅಲ್ಲೇ ಬ್ಯಾಂಡ್ ಬರದಿದ್ದರೆ ಕ್ಲೋನ್‌ಗಳನ್ನು ದೂರುವುದರಲ್ಲಿ ಅರ್ಥವಿಲ್ಲ.

ಎಲ್ಲ ಪ್ರತಿಯಲ್ಲೂ ಕೂತಿದೆ ಅನ್ನುವ ಮುನ್ನ

ಜೀನ್ ಕೂತ ಬ್ಯಾಂಡ್ ಇದೆ, ಖಾಲಿ ಸೈಟಿನ ಬ್ಯಾಂಡ್ ಇಲ್ಲ. ಹಾಗಾದರೆ ಕ್ರೋಮೋಸೋಮಿನ ಎಲ್ಲ ಪ್ರತಿಯಲ್ಲೂ ಕೂತಿದೆ ಅಂತ ಬರೆದುಬಿಡುತ್ತೇವೆ. ತಡೆಯಿರಿ. ಮೇಲೆ ಹೇಳಿದ ದೊಡ್ಡ ಅಳಿಸುವಿಕೆ ಔಷಧ ಹಾಕದಿದ್ದರೂ ಆಗುತ್ತದೆ. ಕ್ಯಾಸ್9 ಕತ್ತರಿಸಿದ ಜಾಗದಲ್ಲಿ ಸಾವಿರಾರು ಬೇಸ್ ಹೋಗಿಬಿಡಬಹುದು ಅಂತ 2018ರಲ್ಲಿ ಬ್ರಿಟನ್ನಿನ ವೆಲ್‌ಕಮ್ ಸ್ಯಾಂಗರ್ ಸಂಸ್ಥೆಯ ಗುಂಪು ತೋರಿಸಿತು. ಒಂದು ಪ್ರತಿಯಲ್ಲಿ ಜೀನ್ ಕೂತು, ಇನ್ನೊಂದರಲ್ಲಿ ಪ್ರೈಮರ್ ಜಾಗ ಸಮೇತ ಅಳಿಸಿಹೋಗಿದ್ದರೆ ಜೆಲ್ ನೋಡಲು ಹೀಗೇ ಇರುತ್ತದೆ. ಪ್ರೈಮರ್‌ಗಳನ್ನು ಇನ್ನೂ ದೂರ ಸರಿಸಿ 4-5 ಸಾವಿರ ಬೇಸ್‌ನ ಪಿಸಿಆರ್ ಮಾಡಿ, ಅಥವಾ ಡಿಜಿಟಲ್ ಪಿಸಿಆರ್‌ನಲ್ಲಿ ಪ್ರತಿಗಳನ್ನು ಎಣಿಸಿ. ಎಚ್‌ಇಕೆ ಕೋಶಗಳಲ್ಲಿ ಕ್ರೋಮೋಸೋಮ್‌ಗಳು ಲೆಕ್ಕಕ್ಕಿಂತ ಜಾಸ್ತಿ ಇರುತ್ತವೆ, ಎಎವಿಎಸ್1 ಎರಡೇ ಪ್ರತಿ ಅಂತ ಅಂದುಕೊಳ್ಳಬೇಡಿ.

ಜತೆಗೆ ಪ್ಲಾಸ್ಮಿಡ್‌ನ ಹೊರಗಿನ ಭಾಗ, ಅಂದರೆ ಆಂಪಿಸಿಲಿನ್ ಜೀನ್ ಇರುವ ಬ್ಯಾಕ್‌ಬೋನ್ ಉಳಿದಿದೆಯಾ ಅಂತಲೂ ಒಂದು ಪಿಸಿಆರ್. ಬ್ಯಾಂಡ್ ಬಂದರೆ ಡೋನರ್ ಇಡಿಯಾಗಿ ಎಲ್ಲೋ ಸೇರಿಕೊಂಡಿದೆ, ಆ ಕ್ಲೋನ್ ಬಿಡಿ.

ಕ್ಲೋನ್ ಅಂದಮೇಲೆ ಅದು ಒಂದೇ ಕೋಶದಿಂದ ಬಂದಿದೆಯಾ? 96 ವೆಲ್ ಪ್ಲೇಟಿಗೆ ವೆಲ್ಲಿಗೆ ಸರಾಸರಿ ಅರ್ಧ ಕೋಶದಂತೆ ಹರಡಿದರೂ, ಬೆಳೆದ ವೆಲ್‌ಗಳಲ್ಲಿ ಹತ್ತಿರ ಹತ್ತಿರ ನಾಲ್ಕರಲ್ಲೊಂದು ಎರಡು ಅಥವಾ ಜಾಸ್ತಿ ಕೋಶದಿಂದ ಶುರುವಾಗಿರುತ್ತದೆ. ಬರೀ ಸಂಭವನೀಯತೆಯ ಲೆಕ್ಕ ಅದು, ನಿಮ್ಮ ಕೈತಪ್ಪಲ್ಲ. ಮೊದಲ ದಿನವೇ ಪ್ರತಿ ವೆಲ್ ನೋಡಿ ಗುರುತು ಮಾಡಿ. ಒಂದು ತಿಂಗಳ ಮೇಲೆ ಕ್ಲೋನ್‌ನಲ್ಲಿ ಅರ್ಧ ಕೋಶ ಹಸಿರು, ಅರ್ಧ ಕತ್ತಲೆ ಕಂಡರೆ ಮೊದಲ ಅನುಮಾನ ಇದರ ಮೇಲೆ ಇರಲಿ. ಎರಡನೇ ಅನುಮಾನ ಪ್ರೊಮೋಟರ್ ಮೇಲೆ. ಸಿಎಂವಿ ಪ್ರೊಮೋಟರ್, ಅದರಲ್ಲೂ ಕಾಂಡಕೋಶಗಳಲ್ಲಿ, ಮಿಥೈಲೇಷನ್ (ಡಿಎನ್‌ಎ ಮೇಲೆ ರಾಸಾಯನಿಕ ಗುರುತು ಬೀಳುವುದು) ಆಗಿ ಮೆಲ್ಲಗೆ ಬಾಯಿ ಮುಚ್ಚುತ್ತದೆ. ಸಿಎಜಿ ಅಥವಾ ಇಎಫ್1 ಆಲ್ಫಾ ವಾಸಿ. ಎಎವಿಎಸ್1 ಸುರಕ್ಷಿತ ಜಾಗ ನಿಜ, ಆದರೆ ಅಲ್ಲಿ ಕೂತ ಯಾವ ಪ್ರೊಮೋಟರೂ ಎಂದೂ ನಿಲ್ಲುವುದಿಲ್ಲ ಅನ್ನುವ ಖಾತ್ರಿ ಇಲ್ಲ.

ಐಪಿಎಸ್ ಕೋಶಗಳಲ್ಲಿ ಮಾಡುವವರಿಗೆ

ಎಚ್‌ಇಕೆಯಲ್ಲಿ ಓಡಿದ್ದನ್ನು ಹಾಗೇ ಎತ್ತಿ ಐಪಿಎಸ್‌ಗೆ (ಬೆಳೆದ ಕೋಶವನ್ನು ಹಿಂದಿರುಗಿಸಿ ಮಾಡಿದ ಕಾಂಡಕೋಶಕ್ಕೆ) ಹಾಕಬೇಡಿ. 293ಟಿಯಲ್ಲಿ ಡಿಎನ್‌ಎ ಕೆಟ್ಟರೆ ಕೋಶವನ್ನು ನಿಲ್ಲಿಸುವ ಪಿ53 ಅನ್ನುವ ಕಾವಲು ಪ್ರೋಟೀನ್ ಆಗಲೇ ಕೆಲಸ ಕಳೆದುಕೊಂಡಿದೆ, ಡಿಎನ್‌ಎ ಕತ್ತರಿಸಿದರೂ ಕೋಶ ಹೆಚ್ಚು ಗಲಾಟೆ ಮಾಡುವುದಿಲ್ಲ. ಐಪಿಎಸ್‌ನಲ್ಲಿ ಕಾವಲು ಎಚ್ಚರವಾಗಿದೆ, ಒಂದು ಕಡೆ ಕತ್ತರಿಸಿದರೂ ಬಹಳಷ್ಟು ಕೋಶ ಸಾಯುತ್ತವೆ. ಅಲ್ಲಿ ಬದುಕಿ ಜೋರಾಗಿ ಬೆಳೆಯುವ ಕ್ಲೋನ್ ಕಂಡರೆ ಪಿ53 ಕೆಟ್ಟಿದೆಯಾ ಅಂತ ನೋಡಿ. 20ನೇ ಕ್ರೋಮೋಸೋಮಿನ ಉದ್ದ ತೋಳಿನ ಒಂದು ತುಂಡು ಜಾಸ್ತಿ ಆಗುವುದು ಐಪಿಎಸ್‌ನಲ್ಲಿ ಸಾಮಾನ್ಯ, ಅದನ್ನೂ ಪರೀಕ್ಷಿಸಿ. ಕೋಶಗಳನ್ನು ಒಂಟಿಯಾಗಿ ಬಿಡಿಸಿದಾಗ ಅವು ಸಾಯದಂತೆ ವೈ-27632 ಅನ್ನುವ ಔಷಧವನ್ನು 10 ಮೈಕ್ರೋಮೋಲಾರ್ ಒಂದು ದಿನ ಕೊಡಿ. ನ್ಯೂಕ್ಲಿಯೋಫೆಕ್ಷನ್ (ವಿದ್ಯುತ್ ಕೊಟ್ಟು ಕೋಶದೊಳಗೆ ಡಿಎನ್‌ಎ ಬಿಡುವುದು) ಆದಮೇಲೆ ಒಂದೆರಡು ದಿನ 32 ಡಿಗ್ರಿಯಲ್ಲಿ ಇಟ್ಟರೆ ಕೂರುವ ಪ್ರಮಾಣ ಏರುತ್ತದೆ. ಇನ್‌ಕ್ಯುಬೇಟರ್ ಒಂದೇ ಇರುವ ಲ್ಯಾಬ್‌ಗಳಿಗೆ ಇದು ಕಷ್ಟ, ಪಕ್ಕದ ಲ್ಯಾಬಿನವರನ್ನು ಎರಡು ದಿನಕ್ಕೆ ಕೇಳಿ, ಕೊಡುತ್ತಾರೆ.

ಇವೆಲ್ಲ ಪ್ಲೇಟಿನಲ್ಲಿ ಬೆಳೆಸುವ ಕೋಶಗಳ ಮಾತು. ಶುರುಮಾಡುವ ಮುನ್ನ ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಅನುಮತಿ ಬೇಕು. ಗೈಡ್ ಬದಲಾದರೂ, ಕೋಶ ಬದಲಾದರೂ ಅರ್ಜಿಯಲ್ಲಿ ಅದು ಇದೆಯಾ ಅಂತ ಒಮ್ಮೆ ನೋಡಿ.

ಆ ಹುಡುಗಿಯ ಹನ್ನೆರಡು ಕ್ಲೋನ್‌ಗಳ ಕತೆ ಹೀಗಾಯಿತು. ಆಚೆಯ ಪ್ರೈಮರ್ ತರಿಸಿ ಮತ್ತೆ ನೋಡಿದಾಗ ಎಡಗಡೆ ಬ್ಯಾಂಡ್ ಬಂದದ್ದು ಐದರಲ್ಲಿ, ಎಡ ಬಲ ಎರಡೂ ಬಂದದ್ದು ಮೂರರಲ್ಲಿ, ಅದರಲ್ಲಿ ಒಂದಕ್ಕೆ ಬ್ಯಾಕ್‌ಬೋನ್ ಅಂಟಿಕೊಂಡಿತ್ತು. ಉಳಿದದ್ದು ಎರಡು, ನಾಲ್ಕನೇದು ಮತ್ತು ಒಂಬತ್ತನೇದು. ಎರಡರದ್ದೂ ಸೀಕ್ವೆನ್ಸ್ ಸರಿಯಿದೆ, ಮೈಕೋಪ್ಲಾಸ್ಮಾ ಇಲ್ಲ. ಐದೈದು ವಯಲ್ ಲಿಕ್ವಿಡ್ ನೈಟ್ರೋಜನ್‌ನಲ್ಲಿ ಇಟ್ಟಿದ್ದಾಳೆ, ಈ ಸಲ ಎಥನಾಲ್‌ಗೆ ಅಳಿಸದ ಲೇಬಲ್ ಅಂಟಿಸಿ.